ಟೇಕ್ ಎಂಬ ಪುಟ್ಟ ಪದದ ದೊಡ್ಡ ಸಂಸಾರ

ಇಂಗ್ಲಿಷ್ ಎಂದರೆ ಅಂಜುವ ಮಕ್ಕಳನ್ನು ‘ಯಾವ ಪದ ಕಷ್ಟ?’ ಎಂದು ಕೇಳಿ ನೋಡಿ. ಫೋಟೋಸಿಂಥೆಸಿಸ್, ಎಲೆಕ್ಟ್ರೋಲಿಸಿಸ್, ಆಕ್ಸೆಲರೇಷನ್ ಎಂದು ಉದ್ದುದ್ದ ಪದಗಳ ಪಟ್ಟಿಯನ್ನೇ ಮುಂದಿಡುತ್ತಾರೆ. ನಿಜ ನೋಡಿದರೆ ಈ ಉದ್ದ ಪದಗಳು ಪಾಪ, ಸಾಧುಪ್ರಾಣಿಗಳು. ಒಂದೊಂದಕ್ಕೂ ಒಂದೇ ಅರ್ಥ. ದ್ಯುತಿಸಂಶ್ಲೇಷಣೆ ಎಂದು ಒಮ್ಮೆ ತಿಳಿದುಕೊಂಡರೆ ಫೋಟೋಸಿಂಥೆಸಿಸ್ ಸಾಯುವವರೆಗೂ ಮೋಸ ಮಾಡುವುದಿಲ್ಲ. ಕಾಲೆಳೆಯುವವು ಪುಟ್ಟ ಪದಗಳು. ಟೇಕ್, ಗೆಟ್, ಪುಟ್, ಸೆಟ್, ರನ್. ಮೂರು ನಾಲ್ಕು ಅಕ್ಷರಗಳ ಈ ಪದಗಳು ಒಂದನೇ ಪುಟದಲ್ಲಿ ಒಂದು ವೇಷ, ಎರಡನೇ ಪುಟದಲ್ಲಿ ಇನ್ನೊಂದು ವೇಷ ಹಾಕಿಕೊಂಡು ಬರುತ್ತವೆ. ‘ರನ್’ ಎಂಬ ಕ್ರಿಯಾಪದ ಒಂದಕ್ಕೇ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲೊಬ್ಬರಾದ ಪೀಟರ್ ಗಿಲಿವರ್ 645 ಅರ್ಥಗಳನ್ನು ವಿಂಗಡಿಸಿದ್ದು 2011ರಲ್ಲಿ ದೊಡ್ಡ ಸುದ್ದಿಯಾಗಿತ್ತು!

‘ಟೇಕ್’ ಕೂಡ ಇದೇ ಬಳಗದ್ದು. ತೆಗೆದುಕೋ ಎಂದು ಪ್ರಾಥಮಿಕ ಶಾಲೆಯಲ್ಲೇ ಕಲಿಸಿರುತ್ತಾರೆ. ಹಾಗಾಗಿ ಅದನ್ನು ಯಾರೂ ನಿಘಂಟಿನಲ್ಲಿ ಹುಡುಕುವುದಿಲ್ಲ. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಎಂದುಕೊಂಡ ಪದವೇ ಹೆಚ್ಚು ಅಪಾಯ ಅಲ್ಲವೇ?

ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಹುಡುಗನೊಬ್ಬನಿಗೆ ಆದದ್ದೂ ಇದೇ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಗಣಿತ, ವಿಜ್ಞಾನಗಳಲ್ಲಿ ಚುರುಕು. ತಂದೆ ಬಸ್ ನಿಲ್ದಾಣದ ಹತ್ತಿರ ಪುಟ್ಟ ಟೈಲರ್ ಅಂಗಡಿ ಇಟ್ಟುಕೊಂಡವರು. ಮಗ ವಿಜ್ಞಾನ ಓದಬೇಕೆಂಬುದು ಇಬ್ಬರ ಆಸೆಯೂ ಹೌದು. ಪ್ರಥಮ ಪಿಯುಸಿಗೆ ಸೇರಿದ ಎರಡು ತಿಂಗಳಿಗೆ ಭೌತಶಾಸ್ತ್ರದ ಕಿರುಪರೀಕ್ಷೆ ಬಂತು. 20 ಮೀಟರ್ ಎತ್ತರದ ಗೋಪುರದಿಂದ ಕಲ್ಲೊಂದನ್ನು ಬಿಡಲಾಗಿದೆ. ‘ಹೌ ಲಾಂಗ್ ಡಸ್ ಇಟ್ ಟೇಕ್ ಟು ರೀಚ್ ದ ಗ್ರೌಂಡ್? ಟೇಕ್ ಜಿ ಆಸ್ 10.’

ಹುಡುಗ ಓದಿದ. ‘ಲಾಂಗ್’ ಎಂದರೆ ಉದ್ದ. ‘ಟೇಕ್’ ಎಂದರೆ ತೆಗೆದುಕೊಳ್ಳುವುದು. ಕಲ್ಲು ಎಷ್ಟು ಉದ್ದ ತೆಗೆದುಕೊಳ್ಳುತ್ತದೆ? ಎತ್ತರ ಪ್ರಶ್ನೆಯಲ್ಲೇ ಇದೆಯಲ್ಲ! ಉತ್ತರ 20 ಮೀಟರ್ ಎಂದು ಬರೆದುಬಿಟ್ಟ. ಸಿಕ್ಕಿದ್ದು ಸೊನ್ನೆ. ಕೇಳಿದ್ದು ಉದ್ದವನ್ನಲ್ಲ, ಎಷ್ಟು ಹೊತ್ತು ಎಂಬುದನ್ನು. ಸೂತ್ರ ಅವನಿಗೆ ಬಾಯಿಪಾಠವಾಗಿತ್ತು. ಎತ್ತರವೆಂದರೆ ಅರ್ಧ ಜಿ ಗುಣಿಸು ಕಾಲದ ವರ್ಗ. 20 ಮೀಟರ್‌ಗೆ ಕಾಲದ ವರ್ಗ 4, ಕಾಲ 2 ಸೆಕೆಂಡ್. ಇದನ್ನು ಕನ್ನಡದಲ್ಲಿ ಕೇಳಿದ್ದರೆ ಬೆರಳೆಣಿಸುವಷ್ಟರಲ್ಲಿ ಹೇಳುತ್ತಿದ್ದ. ಸೋತದ್ದು ಭೌತಶಾಸ್ತ್ರದಲ್ಲಲ್ಲ, ಒಂದು ಪುಟ್ಟ ಕ್ರಿಯಾಪದದಲ್ಲಿ. ಆದರೆ ಅಂಕಪಟ್ಟಿ ಹಾಗೆ ಹೇಳುವುದಿಲ್ಲ. ಭೌತಶಾಸ್ತ್ರದ ಎದುರಿಗೇ ಸೊನ್ನೆ ಬರೆಯುತ್ತದೆ.

ಯಾರೋ ಹೇಳಿದರೆಂದು ಹುಡುಗ ಇಂಗ್ಲಿಷ್ ಕಲಿಸುವ ಪುಸ್ತಕವೊಂದನ್ನು ತಂದ. ಅದರಲ್ಲಿ ‘ಟೇಕ್’ ಪದಕ್ಕೆ ಎರಡು ಪುಟ ಅರ್ಥಗಳು. ಒಂದರ ಕೆಳಗೊಂದು, ಕಿರಾಣಿ ಅಂಗಡಿಯ ಚೀಟಿಯ ಹಾಗೆ. ರಾತ್ರಿ ಹನ್ನೊಂದರವರೆಗೆ ಉರು ಹೊಡೆಯುವುದು, ಬೆಳಿಗ್ಗೆ ಎದ್ದಾಗ ಅರ್ಧ ಮರೆತಿರುವುದು. ಹದಿನೈದು ದಿನ ಹೀಗೇ ಕಳೆದ ಮೇಲೆ ಒಂದು ಸಂಜೆ ಅಂಗಡಿಗೆ ಬಂದು, ‘ಅಪ್ಪಾ, ನನ್ನ ಕೈಲಿ ಸೈನ್ಸ್ ಆಗಲ್ಲ. ಬೇರೆ ತಗೋತೀನಿ’ ಎಂದ. ತಂದೆ ಮಿಷಿನ್ ತುಳಿಯುವುದನ್ನು ನಿಲ್ಲಿಸಲಿಲ್ಲ. ‘ಗಿರಾಕಿ ಇದ್ದಾರೆ, ಕೂತ್ಕೋ. ಆಮೇಲೆ ಮಾತಾಡೋಣ’ ಎಂದರು.

ಬಂದಿದ್ದ ಹೆಂಗಸು ಮಗಳ ಚೂಡಿದಾರದ ಟಾಪ್ ಹೊಲಿಸಲು ಬಟ್ಟೆ ತಂದಿದ್ದರು.

‘ಎಷ್ಟು ದಿನ ಹಿಡಿಯುತ್ತೆ ಅಣ್ಣಾ?’

‘ನಾಲ್ಕು ದಿನ ಹಿಡಿಯುತ್ತಮ್ಮಾ. ಆದ್ರೆ ಇದಕ್ಕೆ ಎರಡೂಕಾಲು ಮೀಟರ್ ಬಟ್ಟೆ ಹಿಡಿಯುತ್ತೆ. ನೀವು ತಂದಿರೋದು ಎರಡೇ.’

‘ಸೊಂಟದಲ್ಲಿ ಸ್ವಲ್ಪ ಹಿಡಿದು ಹೊಲಿಯಿರಿ, ಸಾಲುತ್ತೆ. ಅಳತೆ ತಗೊಳ್ಳಿ.’

ಹುಡುಗನ ಕೈಯಲ್ಲಿ ಆ ಪುಸ್ತಕವೇ ಇತ್ತು. ಟೇಕ್ ಪದದ ಪುಟ ತೆರೆದೇ ಇತ್ತು. ಕಾಲ ಹಿಡಿಯುವುದಕ್ಕೆ ಟೇಕ್. ಬಟ್ಟೆ ಹಿಡಿಯುವುದಕ್ಕೂ ಟೇಕ್. ಸೊಂಟದಲ್ಲಿ ಹಿಡಿದು ಹೊಲಿಯುವುದಕ್ಕೆ ‘ಟೇಕ್ ಇನ್’. ಅಳತೆ ತೆಗೆದುಕೊಳ್ಳುವುದಕ್ಕೂ ಟೇಕ್! ಹದಿನೈದು ದಿನ ತಲೆಗೆ ಹತ್ತದ ನಾಲ್ಕು ಅರ್ಥಗಳು ಎರಡು ನಿಮಿಷದಲ್ಲಿ ಅಪ್ಪನ ಅಂಗಡಿಯಲ್ಲಿ ಸಿಕ್ಕಿಬಿಟ್ಟವು. ‘ಹೌ ಲಾಂಗ್ ಡಸ್ ಇಟ್ ಟೇಕ್’ ಎಂದರೆ ‘ಎಷ್ಟು ಹೊತ್ತು ಹಿಡಿಯುತ್ತೆ’, ಅಷ್ಟೇ. ಇದನ್ನು ಅವನು ಹುಟ್ಟಿದಾಗಿನಿಂದ ಕೇಳುತ್ತಲೇ ಇದ್ದ.

ಗಿರಾಕಿ ಹೋದ ಮೇಲೆ ತಂದೆ, ‘ಏನೋ ಅಂದ್ಯಲ್ಲ’ ಎಂದು ಕೇಳಿದರು. ‘ಇನ್ನೊಂದು ಟೆಸ್ಟ್ ಆಗಲಿ ಬಿಡಪ್ಪಾ, ನೋಡೋಣ’ ಎಂದ ಹುಡುಗ.

ಇಲ್ಲಿ ಒಂದು ಕುತೂಹಲದ ಸಂಗತಿಯಿದೆ. ಟೇಕ್ ಪದ ಮೂಲತಃ ಇಂಗ್ಲಿಷರ ಮನೆಯದ್ದೇ ಅಲ್ಲ. ಕ್ರಿ.ಶ. 793ರಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗ್ ಕಡಲಯೋಧರು ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ದ್ವೀಪದ ಮಠವನ್ನು ಕೊಳ್ಳೆ ಹೊಡೆದರು. ಕೊಳ್ಳೆಗೆ ಬಂದವರ ಬೆನ್ನಿಗೆ ನೆಲೆಸಲು ಬಂದವರೂ ಇದ್ದರು. ಇಂಗ್ಲೆಂಡಿನ ಉತ್ತರ, ಪೂರ್ವ ಭಾಗಗಳಲ್ಲಿ ಉಳುಮೆ ಮಾಡಿಕೊಂಡು, ಅಲ್ಲಿಯವರೊಡನೆ ಮದುವೆ ಸಂಬಂಧ ಬೆಳೆಸಿಕೊಂಡು ಬಾಳಿದರು. ಡೇನರ ದೊರೆ ಕ್ನೂಟ್ 1016ರಿಂದ 1035ರವರೆಗೆ ಇಡೀ ಇಂಗ್ಲೆಂಡನ್ನೇ ಆಳಿದ. ಅವರ ನಾರ್ಸ್ ಭಾಷೆಯ ಪದಗಳು ಇಂಗ್ಲಿಷಿನ ಅಡುಗೆಮನೆಯವರೆಗೆ ನುಗ್ಗಿದವು. ಎಗ್, ನೈಫ್, ಸ್ಕೈ, ಲೆಗ್, ಹಸ್ಬೆಂಡ್ ಎಲ್ಲ ಅಲ್ಲಿಂದ ಬಂದವು. ‘ವಿಂಡೋ’ ಕೂಡ ನಾರ್ಸ್ ಪದವೇ. ಅದರ ಮೂಲ ಅರ್ಥ ಗಾಳಿಯ ಕಣ್ಣು. ಕನ್ನಡದಲ್ಲಿ ಕಿಟಕಿಗೆ ಬಳಸುವ ‘ಗವಾಕ್ಷ’ದಲ್ಲೂ ಗೋವಿನ ಕಣ್ಣು ಇದೆಯಲ್ಲವೇ!

ನಾರ್ಸ್ ಭಾಷೆಯ ‘ತಾಕಾ’ ಎಂಬ ಪದವೇ ಇಂಗ್ಲಿಷಿನಲ್ಲಿ ಟೇಕ್ ಆಯಿತು. ಅದಕ್ಕೆ ಮೊದಲು ಇಂಗ್ಲಿಷರು ‘ನಿಮನ್’ ಎನ್ನುತ್ತಿದ್ದರು. ಜರ್ಮನರು ಇಂದಿಗೂ ‘ನೇಮನ್’ ಎನ್ನುತ್ತಾರೆ. ಅತಿಥಿ ಬಂದು ಮನೆಯವನನ್ನೇ ಹೊರಗೆ ಕಳಿಸಿದ ಹಾಗೆ ಟೇಕ್ ಬಂದು ನಿಮನ್ ಪದವನ್ನು ಓಡಿಸಿತು. ಆದರೆ ಹಳೆಯ ಪದ ಪೂರ್ತಿ ಸಾಯಲಿಲ್ಲ. ಜೋಮು ಹಿಡಿದ ಕೈಕಾಲಿಗೆ ಇಂಗ್ಲಿಷಿನಲ್ಲಿ ‘ನಮ್’ ಎನ್ನುತ್ತಾರಲ್ಲ, ಅದು ಈ ನಿಮನ್ ಪದದ ಕುಡಿ. ಅರ್ಥ, ಹಿಡಿಯಲ್ಪಟ್ಟದ್ದು! ಕನ್ನಡಿಗರೂ ಕಾಲಿಗೆ ಜೋಮು ‘ಹಿಡಿಯಿತು’ ಎಂದೇ ಹೇಳುವುದು. ತಾಕಾ ಪದದ ಮೊದಲ ಅರ್ಥವೂ ಕೈಯಲ್ಲಿ ಹಿಡಿ ಎಂಬುದೇ. ಕೈಯಲ್ಲಿ ಹಿಡಿಯುವುದರಿಂದ ಹೊರಟ ಪದ ಮನೆಗೆ ಒಯ್ಯುವುದು, ಸ್ವೀಕರಿಸುವುದು, ಜಾಗ ಹಿಡಿಯುವುದು, ಕಾಲ ಹಿಡಿಯುವುದು ಎಂದು ಕವಲೊಡೆಯಿತು. ಮರ ಒಂದೇ, ಕೊಂಬೆ ಹಲವು. ಎರಡು ಪುಟದ ಪಟ್ಟಿ ಕೊಂಬೆಗಳನ್ನು ಕಡಿದು ಸಾಲಾಗಿ ಜೋಡಿಸಿಡುತ್ತದೆ, ಬುಡ ತೋರಿಸುವುದಿಲ್ಲ.

ಕನ್ನಡದ ‘ಹಿಡಿ’ಯೇನು ಕಡಿಮೆಯೇ? ಬಸ್ಸು ಹಿಡಿಯುತ್ತೇವೆ, ಮಳೆ ಹಿಡಿಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಬಿಂದಿಗೆ ಹತ್ತು ಲೀಟರ್ ನೀರು ಹಿಡಿಯುತ್ತದೆ, ಹಾಡು ಮನಸ್ಸಿಗೆ ಹಿಡಿಸುತ್ತದೆ. ಇನ್ನು ‘ಹೊಡೆ’ಯನ್ನು ನೋಡಿ. ಗೋಡೆಗೆ ಸುಣ್ಣ ಹೊಡೆಯುತ್ತಾರೆ, ಸೈಕಲ್ಲಿಗೆ ಗಾಳಿ ಹೊಡೆಯುತ್ತಾರೆ, ಮಧ್ಯಾಹ್ನ ನಿದ್ದೆ ಹೊಡೆಯುತ್ತಾರೆ, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬೀಳುತ್ತಾರೆ. ಇಲ್ಲಿ ಯಾರಿಗೂ ಪೆಟ್ಟು ಬೀಳುವುದಿಲ್ಲ! ಇದನ್ನೆಲ್ಲ ಯಾವ ತಾಯಿಯೂ ಮಗುವನ್ನು ಕೂರಿಸಿಕೊಂಡು ಬಾಯಿಪಾಠ ಮಾಡಿಸುವುದಿಲ್ಲ. ಮಗು ವಾಕ್ಯದೊಳಗೆ ಕೇಳುತ್ತದೆ, ವಾಕ್ಯದೊಳಗೇ ಕಲಿಯುತ್ತದೆ.

ಟೇಕ್ ಪದದ ಭೂತಕಾಲ ‘ಟೇಕ್ಡ್’ ಆಗದೆ ‘ಟುಕ್’ ಏಕಾಯಿತು ಎಂಬುದು ಮಕ್ಕಳ ಇನ್ನೊಂದು ದೂರು. ಕನ್ನಡದಲ್ಲೂ ಮಾಡು ಎಂಬುದು ಮಾಡಿದ, ಹಾಡು ಎಂಬುದು ಹಾಡಿದ ಎಂದು ನೆಟ್ಟಗೆ ನಡೆದರೆ, ಕೊಡು ಎಂಬುದು ಕೊಟ್ಟ, ಬರು ಎಂಬುದು ಬಂದ, ಬೀಳು ಎಂಬುದು ಬಿದ್ದ ಎಂದು ಓರೆಯಾಗುತ್ತದೆ. ಹೀಗೆ ಓರೆ ನಡಿಗೆಯವು ಹೆಚ್ಚಾಗಿ ದಿನವಿಡೀ ಬಾಯಲ್ಲಿರುವ ಪದಗಳೇ ಎಂಬುದನ್ನು ಗಮನಿಸಿ. ಇದಕ್ಕೆ ಕಾರಣವೂ ಉಂಟು. ಹಾರ್ವರ್ಡ್ ವಿಶ್ವವಿದ್ಯಾಲಯದ ಎರೆಜ್ ಲೀಬರ್‌ಮನ್, ಜೀನ್ ಬ್ಯಾಪ್ಟಿಸ್ಟ್ ಮಿಶೆಲ್ ಮತ್ತು ಸಂಗಡಿಗರು 2007ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹಳೆಯ ಇಂಗ್ಲಿಷಿನ 177 ಓರೆ ಕ್ರಿಯಾಪದಗಳನ್ನು ಅವರು ಆರಿಸಿಕೊಂಡರು. ಇಂದಿನ ಇಂಗ್ಲಿಷಿನಲ್ಲಿ ಓರೆಯಾಗಿಯೇ ಉಳಿದಿರುವುದು ಅವುಗಳಲ್ಲಿ 98. ಉಳಿದವು ಕಾಲಕ್ರಮದಲ್ಲಿ ನೇರವಾದವು. ‘ಹೆಲ್ಪ್’ ಪದಕ್ಕೆ ಹಿಂದೆ ‘ಹೋಲ್ಪ್’ ಎಂಬ ಭೂತಕಾಲವಿತ್ತು, ಈಗ ‘ಹೆಲ್ಪ್ಡ್’. ವಿಕಿರಣಶೀಲ ಧಾತುವಿಗೆ ಅರ್ಧಾಯುಷ್ಯ ಇರುವಂತೆ ಈ ಪದಗಳ ಓರೆತನಕ್ಕೂ ಅರ್ಧಾಯುಷ್ಯವಿದೆ ಎಂದು ಅವರು ಲೆಕ್ಕ ಹಾಕಿದರು. ನೂರು ಪಟ್ಟು ಕಡಿಮೆ ಬಳಕೆಯ ಪದ ಹತ್ತು ಪಟ್ಟು ಬೇಗ ನೇರವಾಗುತ್ತದೆಯಂತೆ. ಟೇಕ್‌ನಂಥ ಪದವನ್ನು ಪ್ರತಿ ಮಗುವೂ ದಿನಕ್ಕೆ ಹತ್ತಾರು ಸಲ ಕೇಳುತ್ತದೆ. ಹಾಗಾಗಿ ಅದರ ಹಳೆಯ ರೂಪ ಮರೆತುಹೋಗುವುದಿಲ್ಲ. ಮನೆಯ ಹಳೆಯ ಒಳಕಲ್ಲಿನ ಹಾಗೆ, ದಿನವೂ ಬಳಸುವುದರಿಂದಲೇ ಅದು ಉಳಿದಿದೆ.

ಹಾಗಾದರೆ ಕನ್ನಡದಿಂದ ಇಂಗ್ಲಿಷಿಗೆ ಕಣ್ಣು ಮುಚ್ಚಿ ದಾಟಬಹುದೇ? ಇಲ್ಲ. ಅಲ್ಲಲ್ಲಿ ಗುಂಡಿಗಳಿವೆ. ‘ಅಂಗಡಿಯಲ್ಲಿ ಅಂಗಿ ತಗೊಂಡೆ’ ಎಂದರೆ ಕೊಂಡೆ ಎಂದು ಕನ್ನಡಿಗರಿಗೆಲ್ಲ ಅರ್ಥವಾಗುತ್ತದೆ. ಅದನ್ನೇ ‘ಐ ಟುಕ್ ಎ ಶರ್ಟ್ ಫ್ರಮ್ ದ ಶಾಪ್’ ಎಂದರೆ ದುಡ್ಡು ಕೊಡದೆ ಎತ್ತಿಕೊಂಡು ಬಂದನೇನೋ ಎಂಬ ಅನುಮಾನ ಬರಬಹುದು! ಅಲ್ಲಿ ‘ಬಾಟ್’ ಎನ್ನಬೇಕು. ‘ಕಾಫಿ ತಗೋತೀರಾ?’ ಎಂಬ ಉಪಚಾರಕ್ಕೆ ಇಂದಿನ ಇಂಗ್ಲಿಷಿನಲ್ಲಿ ಟೇಕ್ ಬದಲು ‘ಹ್ಯಾವ್’ ಹೆಚ್ಚು ಸಹಜ. ಬಾಗಿಲು ತೆಗೆಯುವುದಕ್ಕೆ ‘ಟೇಕ್’ ಎಂದರೆ ಬಾಗಿಲನ್ನೇ ಹೊತ್ತುಕೊಂಡು ಹೋದಾರು, ಅಲ್ಲಿ ‘ಓಪನ್’. ಆದರೆ ಫೋಟೋ ತೆಗೆಯುವುದಕ್ಕೆ ಟೇಕ್ ಸರಿಯೇ. ‘ಇವತ್ತು ಮೇಷ್ಟ್ರು ಕ್ಲಾಸ್ ತಗೊಳ್ಳಲ್ಲ’ ಎಂದು ಇಲ್ಲಿ ಹುಡುಗರು ಸಂತೋಷಪಡುತ್ತಾರೆ. ಅಮೆರಿಕದಲ್ಲಿ ಕ್ಲಾಸ್ ‘ಟೇಕ್’ ಮಾಡುವವನು ವಿದ್ಯಾರ್ಥಿ. ಮೇಷ್ಟ್ರು ಮಾಡುವುದು ‘ಟೀಚ್’. ಪರೀಕ್ಷೆಯೂ ಹಾಗೆಯೇ. ಇಲ್ಲಿ ಬರೆಯುತ್ತಾರೆ, ಅಲ್ಲಿ ‘ಟೇಕ್’ ಮಾಡುತ್ತಾರೆ.

ಟೇಕ್ ಮತ್ತು ಬ್ರಿಂಗ್ ನಡುವಿನ ಗೊಂದಲಕ್ಕೂ ಕನ್ನಡದಲ್ಲೇ ಔಷಧವಿದೆ. ತಗೊಂಡು ಹೋಗುವುದು ಟೇಕ್, ತಗೊಂಡು ಬರುವುದು ಬ್ರಿಂಗ್. ಹೋಗು, ಬಾ ಎಂಬ ಎರಡು ಪದಗಳನ್ನು ನೆನಪಿಟ್ಟರೆ ಸಾಕು. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಒಂದು ಕೈ ಮೇಲೆಯೇ ಇದೆ. ಕೊಡೆಯನ್ನೂ ಮಗುವನ್ನೂ ಇಂಗ್ಲಿಷರು ‘ಟೇಕ್’ ಎಂಬ ಒಂದೇ ಪದದಲ್ಲಿ ಒಯ್ಯುತ್ತಾರೆ. ಕನ್ನಡಿಗರು ಕೊಡೆಯನ್ನು ತೆಗೆದುಕೊಂಡು ಹೋಗುತ್ತಾರೆ, ಅಜ್ಜಿಯನ್ನು ಕರೆದುಕೊಂಡು ಹೋಗುತ್ತಾರೆ, ಕೂಸನ್ನು ಎತ್ತಿಕೊಂಡು ಹೋಗುತ್ತಾರೆ, ಹುಲ್ಲಿನ ಹೊರೆಯನ್ನು ಹೊತ್ತುಕೊಂಡು ಹೋಗುತ್ತಾರೆ. ಇಷ್ಟು ಸೂಕ್ಷ್ಮವಾಗಿ ಮಾತಾಡಬಲ್ಲ ಮಗುವಿಗೆ ‘ಭಾಷೆ ಬರುವುದಿಲ್ಲ’ ಎನ್ನಬಹುದೇ?

ಮಕ್ಕಳನ್ನು ಅತಿಯಾಗಿ ಹೆದರಿಸುವುದು ಟೇಕ್ ಹಿಂದೆ ಅಂಟಿಕೊಂಡು ಬರುವ ಬಾಲಗಳು. ‘ಟೇಕ್ ಆಫ್’ ಎಂದರೆ ಅಂಗಿ ಕಳಚುವುದೂ ಹೌದು, ವಿಮಾನ ನೆಲ ಬಿಟ್ಟು ಏರುವುದೂ ಹೌದು. ‘ಟೇಕ್ ಆಫ್ಟರ್’ ಎಂದರೆ ಹೆತ್ತವರನ್ನು ಹೋಲುವುದು. ‘ಟೇಕ್ ಇನ್’ ಎಂದರೆ ಆಶ್ರಯ ಕೊಡುವುದು, ಮನಸ್ಸಿಗೆ ತಂದುಕೊಳ್ಳುವುದು; ‘ಟೇಕನ್ ಇನ್’ ಎಂದರೆ ಮೋಸ ಹೋಗುವುದು ಕೂಡ. ‘ಟೇಕ್ ಓವರ್’ ಎಂದರೆ ವಹಿಸಿಕೊಳ್ಳುವುದು. ಕನ್ನಡದ ‘ಹೇಳು’ ಪದಕ್ಕೂ ಇಂಥ ಬಾಲಗಳಿವೆಯಲ್ಲ! ಹೇಳಿಕೊಟ್ಟ ಎಂದರೆ ಕಲಿಸಿದ. ಹೇಳಿಕೊಂಡ ಎಂದರೆ ತನ್ನ ಕಷ್ಟಸುಖ ತೋಡಿಕೊಂಡ. ಹೇಳಿಬಿಟ್ಟ ಎಂದರೆ ಬಾಯಿ ತಪ್ಪಿ ಗುಟ್ಟು ಹೊರಬಿತ್ತು. ಹೇಳಿಕಳಿಸಿದ ಎಂದರೆ ಬರುವಂತೆ ಸುದ್ದಿ ಮುಟ್ಟಿಸಿದ. ನಾಲ್ಕು ವರ್ಷದ ಮಗು ಇವನ್ನು ಅದಲುಬದಲು ಮಾಡುವುದಿಲ್ಲ. ಇಂಗ್ಲಿಷಿನ ಆಫ್, ಇನ್, ಓವರ್ ಮಾಡುವುದೂ ಇಂಥದೇ ಕೆಲಸ.

ಇನ್ನು ವಿಜ್ಞಾನದ ಪುಸ್ತಕಕ್ಕೆ ಬನ್ನಿ. ಪ್ರಯೋಗಾಲಯದ ಕೈಪಿಡಿಯಲ್ಲಿ ಈ ಪದ ಎಷ್ಟು ವೇಷದಲ್ಲಿ ಬರುತ್ತದೆ ನೋಡಿ. ‘ಟೇಕ್ ತ್ರೀ ರೀಡಿಂಗ್ಸ್’ ಎಂದರೆ ಮೂರು ಸಲ ಅಳತೆ ಓದಿಕೊಂಡು ಗುರುತು ಹಾಕಿಕೋ. ‘ಟೇಕ್ ದ ಮೀನ್’ ಎಂದರೆ ಸರಾಸರಿ ತೆಗೆ. ‘ಟೇಕ್ ಕೇರ್’ ಎಂದರೆ ಎಚ್ಚರ ವಹಿಸು. ‘ಟೇಕ್ ಇಂಟು ಅಕೌಂಟ್’ ಎಂದರೆ ಲೆಕ್ಕಕ್ಕೆ ಸೇರಿಸಿಕೋ. ‘ಟೇಕ್ ಜಿ ಆಸ್ 9.8’ ಎಂದರೆ ಅಷ್ಟೆಂದು ಇಟ್ಟುಕೋ. ‘ಟೇಕ್ 3 ಫ್ರಮ್ 8’ ಎಂದರೆ ಎಂಟರಿಂದ ಮೂರು ಕಳೆ. ‘ದ ರಿಯಾಕ್ಷನ್ ಟೇಕ್ಸ್ ಪ್ಲೇಸ್’ ಎಂದರೆ ಕ್ರಿಯೆ ನಡೆಯುತ್ತದೆ. ಯಾರೂ ಯಾರ ಜಾಗವನ್ನೂ ಕಿತ್ತುಕೊಳ್ಳುವುದಿಲ್ಲ! ನೀರು ಪಾತ್ರೆಯ ಆಕಾರವನ್ನು ‘ಟೇಕ್’ ಮಾಡಿದರೆ ಕನ್ನಡದಲ್ಲಿ ತಳೆಯುತ್ತದೆ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 334 ಜೂಲ್ ಉಷ್ಣ ‘ಟೇಕ್ಸ್’ ಎಂದರೆ ಅಷ್ಟು ಬೇಕು, ಅಷ್ಟು ಹಿಡಿಯುತ್ತದೆ. ಟೈಲರ್ ಅಂಗಡಿಯ ಬಟ್ಟೆಯ ಲೆಕ್ಕವೇ ಇಲ್ಲೂ ನಡೆಯುವುದು.

ವಿದ್ಯಾರ್ಥಿಗಳು ಇಷ್ಟು ಮಾಡಿದರೆ ಸಾಕು. ಟೇಕ್ ಕಂಡ ಕೂಡಲೇ ಅರ್ಥ ಹೇಳಲು ಆತುರಪಡದೆ, ಅದರ ಮುಂದೇನಿದೆ ಎಂದು ನೋಡಿ. ಮುಂದೆ ಗಂಟೆ, ದಿನ, ಲೀಟರ್, ಜೂಲ್‌ನಂಥ ಅಳತೆಯಿದ್ದರೆ ಹೆಚ್ಚಾಗಿ ಅದು ‘ಹಿಡಿ’ ಅಥವಾ ‘ಬೇಕು’. ವಸ್ತುವೋ ಮನುಷ್ಯರೋ ಇದ್ದು, ಹಿಂದೆಯೇ ‘ಟು’ ಎಂದು ಊರೋ ಜಾಗವೋ ಬಂದರೆ ‘ಒಯ್ಯು’ ಅಥವಾ ‘ಕರೆದುಕೊಂಡು ಹೋಗು’. ವಾಕ್, ರೆಸ್ಟ್, ಲುಕ್‌ನಂಥ ಕೆಲಸದ ಹೆಸರಿದ್ದರೆ ಅರ್ಥವೆಲ್ಲ ಆ ಎರಡನೇ ಪದದಲ್ಲೇ ಇದೆ. ಟೇಕ್ ಬರೀ ಅದರ ಗಾಡಿ ಎಳೆಯುವ ಎತ್ತು. ಆಫ್, ಇನ್, ಓವರ್ ಇದ್ದರೆ ಎರಡನ್ನೂ ಸೇರಿಸಿ ಒಂದೇ ಪದವೆಂದು ಓದಿ. ಸಂಶಯವಿದ್ದರೆ ನಿಘಂಟು ನೋಡಿ, ಆದರೆ ಅರ್ಥವನ್ನಲ್ಲ, ಅಲ್ಲಿ ಕೊಟ್ಟ ವಾಕ್ಯವನ್ನು ಬರೆದುಕೊಳ್ಳಿ. ಅದರ ಎದುರಿಗೆ ನಿಮ್ಮ ಮನೆಯಲ್ಲಿ ಅದನ್ನು ಹೇಗೆ ಹೇಳುತ್ತಾರೋ ಹಾಗೆ ಕನ್ನಡದಲ್ಲಿ ಬರೆಯಿರಿ.

ಆ ಹುಡುಗ ಮಾಡಿದ್ದೂ ಇದನ್ನೇ. ನೂರು ಪುಟದ ನೋಟುಪುಸ್ತಕದ ಎಡಗಡೆ ಅಂಗಡಿ, ಬಸ್ ನಿಲ್ದಾಣ, ಅಡುಗೆಮನೆಗಳಲ್ಲಿ ಕೇಳಿದ ಕನ್ನಡ ವಾಕ್ಯ. ಬಲಗಡೆ ಪಠ್ಯಪುಸ್ತಕದ ಇಂಗ್ಲಿಷ್ ವಾಕ್ಯ. ಅವನೇನೂ ರಾತ್ರೋರಾತ್ರಿ ಮೇಧಾವಿಯಾಗಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಭೌತಶಾಸ್ತ್ರಕ್ಕೆ ಬಂದದ್ದು ನೂರಕ್ಕೆ ಐವತ್ತೆರಡು. ಆದರೆ ಅವು ಪೂರ್ತಿ ಅವನವೇ ಅಂಕಗಳು. ವಿಜ್ಞಾನ ಬಿಡುವ ಮಾತನ್ನು ಅವನು ಮತ್ತೆ ಆಡಲಿಲ್ಲ.

ಕೊನೆಯದಾಗಿ ಪೋಷಕರಿಗೆ ಒಂದು ಮಾತು. ‘ನನಗೆ ಇಂಗ್ಲಿಷ್ ಬರಲ್ಲ, ನಾನೇನು ಹೇಳಿಕೊಡಲಿ?’ ಎಂದು ಎಷ್ಟೋ ತಂದೆತಾಯಂದಿರು ಹಿಂಜರಿಯುತ್ತಾರೆ. ಮಕ್ಕಳ ಮುಂದೆ ತಲೆ ತಗ್ಗಿಸುತ್ತಾರೆ. ಆ ಟೈಲರ್‌ಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಕಾಲ ಹೇಗೆ ಹಿಡಿಯುತ್ತದೆ, ಬಟ್ಟೆ ಹೇಗೆ ಹಿಡಿಯುತ್ತದೆ ಎಂಬುದನ್ನು ಅವರ ಬಾಯಿಂದ ಕೇಳಿಯೇ ಮಗ ದಾರಿ ಕಂಡುಕೊಂಡ. ಮಕ್ಕಳೊಡನೆ ಕನ್ನಡದಲ್ಲಿ ಧಾರಾಳವಾಗಿ ಮಾತಾಡಿ. ಅಡುಗೆ, ಹೊಲ, ಅಂಗಡಿ, ನೆಂಟರಿಷ್ಟರು, ಎಲ್ಲವೂ ಮಾತಿನಲ್ಲಿ ಬರಲಿ. ಒಂದು ಭಾಷೆಯನ್ನು ಬೇರುಸಹಿತ ಬಲ್ಲ ಮಗುವಿಗೆ ಇನ್ನೊಂದು ಭಾಷೆ ದಕ್ಕುತ್ತದೆ. ಸ್ವಲ್ಪ ಕಾಲ ಹಿಡಿಯುತ್ತದೆ, ಅಷ್ಟೇ.